ಅಮ್ಮ ಕಳಿಸಿದ ನೆರಳು

ನನ್ನನ್ನು ಕೊಟ್ಟ ಮನೆಯ ಅಂಗಳದಲ್ಲಿ ಮರವಿರಲಿಲ್ಲ. ಆ ಮನೆಯಲ್ಲೇನು, ಹಳೇಬೀದಿಯ ಉದ್ದಕ್ಕೂ ಎಲ್ಲೂ ಮರವಿಲ್ಲ. ನೆಲಕ್ಕೆ ಚಪ್ಪಡಿಕಲ್ಲು, ಗೋಡೆಗೆ ಸುಣ್ಣ, ಮಧ್ಯಾಹ್ನವಾಯಿತೆಂದರೆ ಕಣ್ಣು ಬಿಡಲಾಗದಷ್ಟು ಬೆಳಕು. ಮದುವೆಗೆ ಮುಂಚೆ ಮನೆ ನೋಡಲು ಬಂದ ನನ್ನಮ್ಮ ಅಡುಗೆಮನೆ ಮೆಚ್ಚಿದಳು, ನೀರಿನ ತೊಟ್ಟಿ ಮೆಚ್ಚಿದಳು, ಹುಡುಗನನ್ನು ನೋಡಿ ಪರವಾಗಿಲ್ಲ ಅಂದಳು. ಕೊನೆಗೆ ಅಂಗಳದ ನಡುವೆ ಬಂದು ನಿಂತು ತಲೆಯ ಮೇಲೆ ಸೆರಗು ಎಳೆದುಕೊಂಡಳು. ಮದುವೆಯಾದ ಮೂರನೇ ದಿನ ಕೂದಲು ಆರಿಸಿಕೊಳ್ಳಲು ನಾನು ಅಂಗಳಕ್ಕೆ ಬಂದರೆ ಅಲ್ಲೊಂದು ಹೊಂಗೆಮರದ ನೆರಳು ಬಿದ್ದಿತ್ತು. ತಲೆಯೆತ್ತಿದರೆ ಮರ ಇರಲಿಲ್ಲ, ಬರೀ ಆಕಾಶ. ನೆಲದ ಮೇಲೆ ಮಾತ್ರ ಎಲೆ ಎಲೆಯೂ ಕಾಣುವ ಹಾಗೆ, ಗಾಳಿ ಬಂದಾಗ ಅಲ್ಲಾಡುವ ಹಾಗೆ ಒಳ್ಳೆಯ ಹರವಾದ ನೆರಳು. ಅದರ ಜೊತೆ ಬೆರಳುದ್ದದ ಒಂದು ಹುರಿಯೂ ಬಂದಿತ್ತು, ಐದು ಗಂಟಿನದು. ಅದು ಆ ನೆರಳಿನ ಹೆಸರು. ಬಾಗಿಲ ಮೇಲೆ, ತೋರಣದ ಪಕ್ಕದಲ್ಲಿ ಅದನ್ನು ಕಟ್ಟಿದೆ.

ತವರಿನಿಂದ ಬೇರೆಯವರಿಗೆ ಹಂಡೆ ಬರುತ್ತದೆ, ಬೀರು ಬರುತ್ತದೆ. ನನಗೆ ನೆರಳು ಬಂತೆಂದು ಬೀದಿಯವರು ಎರಡು ದಿನ ಆಡಿಕೊಂಡು ಸುಮ್ಮನಾದರು. ನಮ್ಮೂರಿನಲ್ಲಿ ಇಂಥದ್ದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ. ಊರಿನ ನಡುವೆ ನಡುಮನೆ ಇದೆ. ಕಲ್ಲಿನ ಕಟ್ಟಡ, ಬಾಗಿಲಿಲ್ಲ, ಕಿಟಕಿಯಿಲ್ಲ, ಗೋಡೆಯಲ್ಲಿ ಮುಷ್ಟಿ ಹಿಡಿಸುವಷ್ಟು ಒಂದು ಕಂಡಿ. ಒಳಗೆ ಒಂದು ಯಂತ್ರ ತಿರುಗುತ್ತಿದೆ ಎನ್ನುತ್ತಾರೆ. ನೋಡಿದವರಿಲ್ಲ. ಆ ಗೋಡೆಗೆ ಬೆನ್ನು ಕೊಟ್ಟು ಕೂತರೆ ಗುಂಯ್ ಎನ್ನುವ ಸದ್ದು ಬೆನ್ನೆಲುಬಿಗೆ ತಾಕಿ ಹಿತವಾಗಿ ನಿದ್ದೆ ಬರುತ್ತದೆ. ಬೇಕಾದ್ದನ್ನು ಓಲೆಯಲ್ಲಿ ಬರೆದು, ಬರೆದದ್ದನ್ನು ಹುರಿಯಲ್ಲಿ ಗಂಟು ಕಟ್ಟಿ, ಹುರಿಯ ಒಂದು ತುದಿಯನ್ನು ಆ ಕಂಡಿಯೊಳಗೆ ಬಿಟ್ಟು ಇನ್ನೊಂದು ತುದಿಯನ್ನು ಪಕ್ಕದ ಹಗ್ಗಮನೆಯ ಗೂಟಕ್ಕೆ ಸಿಕ್ಕಿಸಬೇಕು. ತೊಟ್ಟಿಗೆ ನೀರು ಬರುವುದು, ಬೀದಿದೀಪ ಹತ್ತುವುದು, ತೊಟ್ಟಿಲು ತಾನೇ ತೂಗುವುದು ಎಲ್ಲ ಹಾಗೆ. ಕೊಟ್ಟ ಸಾಮಾನಿನ ಜೊತೆ ಅದರ ಹೆಸರನ್ನೂ ನಡುಮನೆ ಒಂದು ತುಂಡು ಹುರಿಯಲ್ಲಿ ಗಂಟು ಹಾಕಿ ಕಳಿಸುತ್ತದೆ. ವರ್ಷದಲ್ಲಿ ಒಮ್ಮೆಯಾದರೂ ಏನಾದರೊಂದು ಕೆಲಸ ಮಾಡದ ಹುರಿಯನ್ನು ಹಗ್ಗಮನೆಯವರು ಇಳಿಸಿಬಿಡುತ್ತಾರೆ. ಗೂಟಗಳು ಅಷ್ಟೇ ಇರುವುದು.

ಊಟಕ್ಕೆ ಬಾ ಅನ್ನುವುದಕ್ಕೆ, ಜಗಳಕ್ಕೆ ಬಾ ಅನ್ನುವುದಕ್ಕೆ ನಮಗೆಲ್ಲ ಒಂದೇ ಮಾತು. ನಡುಮನೆಗೆ ಹೇಳುವುದಕ್ಕೆ ಮಾತ್ರ ಬೀದಿಗೊಂದು ಭಾಷೆ. ಹಳೇಬೀದಿಯವರು ಒಂದು ಚೊಂಬು ನೀರು ಬೇಕಾದರೂ ಚೊಂಬು ಎಂದರೇನು, ಅದು ಯಾವ ಬಗೆಯ ಪಾತ್ರೆ, ಕೇಳುತ್ತಿರುವವರು ಯಾರ ಮನೆಯವರು ಎಂದೆಲ್ಲ ಬರೆದು ಆಮೇಲೆ ನೀರಿಗೆ ಬರುತ್ತಾರೆ. ಹೊಸಬೀದಿಯವರು ಅದನ್ನೇ ಅರ್ಧದಲ್ಲಿ ಮುಗಿಸುತ್ತಾರೆ, ಆದರೆ ಚೊಂಬು ಖಾಲಿ ಇದ್ದುಬಿಟ್ಟರೆ ಏನು ಗತಿ ಎಂದು ಮುಂಚೆಯೇ ಖಾತ್ರಿ ಮಾಡಿಕೊಳ್ಳದೆ ಒಂದಕ್ಷರ ಮುಂದೆ ಹೋಗುವುದಿಲ್ಲ. ಬಳೆಬೀದಿಯವರ ಬರಹವೆಂದರೆ ಬಳೆಯೊಳಗೆ ಬಳೆ, ಅದರೊಳಗೆ ಇನ್ನೊಂದು ಬಳೆ. ಬರೆದಾದ ಮೇಲೆ ಎಲ್ಲ ಬಳೆ ಮುಚ್ಚಿದೆವೋ ಇಲ್ಲವೋ ಎಂದು ಎಣಿಸುತ್ತಾ ಕೂತಿರುತ್ತಾರೆ. ನನ್ನ ತವರು ಮೆಟ್ಟಿಲುಬೀದಿ. ನಮ್ಮ ಬರಹದಲ್ಲಿ ಒಂದು ಮಾತಿನ ಹೆಗಲ ಮೇಲೆ ಇನ್ನೊಂದು ಮಾತು ಹತ್ತಿ ನಿಲ್ಲುತ್ತದೆ. ಒಂದೇ ಸಾಲಿನಲ್ಲಿ ಇಡೀ ಮದುವೆಯ ಅಡುಗೆ ಹೇಳಿಬಿಡಬಹುದು. ಮರುದಿನ ಬರೆದವರಿಗೇ ಅದು ಅರ್ಥವಾಗದೆ ಹೋಗುವುದೂ ಉಂಟು. ನಾಲ್ಕೂ ಒಂದೇ ಹಳೆಯ ಬರಹದ ಮಕ್ಕಳು, ಮುಖ ನೋಡಿದರೆ ಗೊತ್ತಾಗುತ್ತದೆ. ಗಂಟು ಕಟ್ಟಿದ ಮೇಲಂತೂ ಹುರಿ ಯಾವ ಬೀದಿಯದೆಂದು ಹೇಳಲು ಯಾರಿಂದಲೂ ಆಗದು. ನಡುಮನೆಗೆ ನಮ್ಮ ಯಾರ ಭಾಷೆಯೂ ಬರುವುದಿಲ್ಲ, ಅದಕ್ಕೆ ಗೊತ್ತಿರುವುದು ಗಂಟು ಮಾತ್ರ. ಆದರೂ ನಡುಮನೆಗೆ ತಮ್ಮ ಬೀದಿಯ ಮೇಲೆ ಒಂದು ಕೈ ಪ್ರೀತಿ ಹೆಚ್ಚು ಎಂದು ನಾಲ್ಕು ಬೀದಿಯವರೂ ನಂಬಿಕೊಂಡಿದ್ದಾರೆ.

ಇನ್ನು ನಿಂತ ಗಳಿಗೆಯ ಮಾತು. ದಿನಕ್ಕೆ ಏಳೆಂಟು ಸಲ ನಮ್ಮೂರು ನಿಂತುಬಿಡುತ್ತದೆ. ಎತ್ತಿದ ಸೌಟು ಎತ್ತಿದಲ್ಲಿ, ಬಯ್ಯಲು ತೆರೆದ ಬಾಯಿ ತೆರೆದಲ್ಲಿ, ಒಂದು ಉಸಿರು ಹಿಡಿದು ಬಿಡುವಷ್ಟು ಹೊತ್ತು. ಕಣ್ಣು ಕಾಣುತ್ತಿರುತ್ತದೆ, ಕಿವಿ ಕೇಳುವುದಿಲ್ಲ, ಕೈಕಾಲು ಆಡುವುದಿಲ್ಲ. ಆ ಹೊತ್ತಿನಲ್ಲಿ ನಡುಮನೆ ಊರು ಗುಡಿಸುತ್ತದೆ. ತಾನು ಕೊಟ್ಟದ್ದರಲ್ಲಿ ಯಾವುದರ ಹೆಸರು ಗೂಟದ ಮೇಲಿನ ಯಾವ ಹುರಿಯಲ್ಲೂ ಇಲ್ಲವೋ ಅದನ್ನು ಎತ್ತಿಕೊಂಡು ಹೋಗುತ್ತದೆ. ಸಣ್ಣ ಗಳಿಗೆಗಳಲ್ಲಿ ಹೋಗುವುದು ಹೊಸ ಚಿಲ್ಲರೆ ಸಾಮಾನು: ಬೆಳಿಗ್ಗೆ ಬೇಕಾಗಿ ಮಧ್ಯಾಹ್ನಕ್ಕೆ ಬೇಡವಾದ ಮಣೆ, ದೀಪ, ಕೊಡೆ. ಬೇರೂರಿದ ಹಳೆಯ ಸಾಮಾನಿನ ತಂಟೆಗೆ ಅದು ಹೋಗುವುದು ವರ್ಷಕ್ಕೊಮ್ಮೆ, ವೈಶಾಖದ ಕೊನೆಯ ಮಧ್ಯಾಹ್ನ. ಅದು ದೊಡ್ಡ ಗಳಿಗೆ. ಆಗ ನೂರು ಎಣಿಸುವಷ್ಟು ಹೊತ್ತು ಊರು ನಿಂತಿರುತ್ತದೆ. ನಮಗೆ ಇದೆಲ್ಲ ರೂಢಿ. ಮಕ್ಕಳು ಒಂಟಿಗಾಲಲ್ಲಿರುವಾಗ ಗಳಿಗೆ ಬಂದರೆ ಗೆದ್ದಂತೆ ಎಂದು ಪಂದ್ಯ ಕಟ್ಟುತ್ತಾರೆ. ಜಗಳದಲ್ಲಿ ಮಾತು ಸಿಗದವರು ಗಳಿಗೆಯೊಂದು ಬರಬಾರದೇ ಎಂದು ಕಾಯುತ್ತಾರೆ.

ನನ್ನ ಅತ್ತೆ ರುದ್ರಾಣಮ್ಮನವರಿಗೆ ಎಂದೂ ಮಾತು ಸಿಗದೆ ಹೋದದ್ದಿಲ್ಲ. ಹಳೇಬೀದಿಯಲ್ಲಿ ಅವರಷ್ಟು ಚೆನ್ನಾಗಿ ಗಂಟು ಕಟ್ಟುವವರೂ ಇರಲಿಲ್ಲ. ಸಣ್ಣಪುಟ್ಟ ಕೆಲಸಕ್ಕೆ ಅವರು ಓಲೆಯನ್ನೇ ಬರೆಯುತ್ತಿರಲಿಲ್ಲ. ಒಲೆಯ ಮುಂದೆ ಕೂತು ಸಾರು ಕುದಿಯುವಷ್ಟರಲ್ಲಿ ನೇರವಾಗಿ ಬೆರಳಲ್ಲೇ ಹುರಿ ಕಟ್ಟಿ ಮುಗಿಸುತ್ತಿದ್ದರು. ನೆರಳು ಬಂದ ದಿನ ಅವರು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಾಗಿಲ ಮೇಲಿನ ಹೆಸರಿನ ಹುರಿಯನ್ನು ಬೆರಳಲ್ಲಿ ಸವರಿ ನೋಡಿ, ನಿಮ್ಮಮ್ಮನಿಗೆ ಬೇರೆ ಜಾಗವೇ ಸಿಗಲಿಲ್ಲವೇ ಎಂದು ಕೇಳಿದರು. ಅತ್ತೆ ಅಕ್ಕಿಹಪ್ಪಳ ಹಾಕುತ್ತಿದ್ದದ್ದು ಸರಿಯಾಗಿ ಅದೇ ಜಾಗದಲ್ಲಿ. ಅವರ ಹಪ್ಪಳವೆಂದರೆ ನಾಲ್ಕು ಬೀದಿಗೂ ಹೆಸರುವಾಸಿ. ಬಿಸಿಲು ಸಾಲದೆ ಒಂದು ಹಪ್ಪಳ ಮೆತ್ತಗಾದರೂ ಅವರಿಗೆ ಅನ್ನ ಸೇರುತ್ತಿರಲಿಲ್ಲ.

ಅಲ್ಲಿಂದ ಹನ್ನೆರಡು ವರ್ಷ ಅತ್ತೆ ಆ ನೆರಳನ್ನು ಬಯ್ದರು. ಮಾಘದಿಂದ ವೈಶಾಖದವರೆಗೆ ದಿನವೂ ಬಯ್ಯುತ್ತಿದ್ದರು, ಮಿಕ್ಕ ತಿಂಗಳಲ್ಲಿ ನೆನಪಾದಾಗ. ಒಂದು ದಿನವೂ ಅದರಲ್ಲಿ ಕೂರಲಿಲ್ಲ. ಅಂಗಳ ದಾಟುವಾಗ ನೆರಳಿನ ಅಂಚು ಬಂದರೆ ಸೀರೆ ಎತ್ತಿ ಹಿಡಿದು ಪಕ್ಕದಿಂದ ಹೋಗುತ್ತಿದ್ದರು. ನೆರಳು ಬೆಳೆದು ಹತ್ತಿರ ಬಂದಂತೆಲ್ಲ ಹಪ್ಪಳದ ಚಾಪೆ ಒಂದೊಂದು ಗೇಣು ತಾನೇ ಹಿಂದೆ ಸರಿಯುತ್ತಿತ್ತು, ಅದಕ್ಕೂ ಅವರದೇ ಒಂದು ಹುರಿ. ನಾನು ನೆರಳಿನಲ್ಲಿ ಕೂತು ಸೊಪ್ಪು ಬಿಡಿಸುವಾಗ ಅವರು ಬಿಸಿಲಲ್ಲಿ ಕೊಡೆ ಹಿಡಿದು ಕೂತು ಕಾಗೆ ಓಡಿಸುತ್ತಿದ್ದರು. ಹೀಗೆ ಒಂದೇ ಅಂಗಳದಲ್ಲಿ ನಾವಿಬ್ಬರೂ ಎದುರು ಬದುರು ಹನ್ನೆರಡು ಬೇಸಿಗೆ ಕಳೆದೆವು. ಅತ್ತೆಯೆಂದರೆ ನನಗೆ ಭಯವಿತ್ತು, ಕೋಪವೂ ಇತ್ತು. ನಮ್ಮವರು ಇಬ್ಬರ ನಡುವೆ ಮೂಗು ತೂರಿಸದೆ ಸುಖವಾಗಿದ್ದರು.

ಹನ್ನೆರಡನೇ ವರ್ಷದ ಮಾಘದಲ್ಲಿ ಅಮ್ಮ ಹೋದಳು. ಮೆಟ್ಟಿಲುಬೀದಿಯ ಮನೆಯಲ್ಲಿ ಒಬ್ಬಳೇ ಸಂತೋಷವಾಗಿದ್ದವಳು ಮೂರು ದಿನದ ಜ್ವರದಲ್ಲಿ ಮುಗಿದುಹೋದಳು. ಹದಿಮೂರನೇ ದಿನ ಹೋದವರ ಹುರಿಗಳನ್ನೆಲ್ಲ ಗೂಟದಿಂದ ಇಳಿಸಿ, ಗಂಟು ಬಿಚ್ಚಿ, ಬರೀ ನೂಲು ಮಾಡಿ ಮಕ್ಕಳ ಕೈಗೆ ಕೊಡುವುದು ನಮ್ಮಲ್ಲಿ ಪದ್ಧತಿ. ಹಗ್ಗಮನೆಯ ಚೆಲುವರಾಯರು ಅಮ್ಮನ ನೂಲಿನ ಉಂಡೆಯನ್ನು ನನ್ನ ಸೆರಗಿಗೆ ಹಾಕಿದರು. ಅವರಿಗೆ ವಯಸ್ಸಾಗಿ ಕಣ್ಣು ಮಂಜು, ಎಲ್ಲವನ್ನೂ ಬೆರಳಲ್ಲೇ ಓದುವವರು. ನೂಲು ಕೊಟ್ಟ ಕೈಯನ್ನು ನನ್ನ ತಲೆಯ ಮೇಲಿಟ್ಟು, ಅಂಗಳದಲ್ಲಿ ಒಂದು ನೆರಳಿತ್ತಲ್ಲ ತಾಯಿ, ದೊಡ್ಡ ಗಳಿಗೆಯವರೆಗೆ ಇರುತ್ತದೆ, ಕೂತುಕೋ ಅಂದರು.

ಅಲ್ಲಿಯವರೆಗೂ ನನಗೆ ಅದು ಹೊಳೆದಿರಲಿಲ್ಲ. ಅಮ್ಮ ಹೋದಾಗ ಅತ್ತಿದ್ದೆ, ಆದರೆ ಎಲ್ಲೋ ಅವಳು ಅಂಗಳದಲ್ಲಿ ಉಳಿದುಕೊಂಡಿದ್ದಾಳೆ ಎಂಬ ಧೈರ್ಯವಿತ್ತು. ನೆರಳನ್ನು ಹಿಡಿದಿದ್ದ ಹುರಿ ಈಗ ನನ್ನ ಸೆರಗಿನಲ್ಲಿ ನೂಲಾಗಿತ್ತು. ಹಗ್ಗಮನೆಯ ಬೇರೆ ಯಾವ ಹುರಿಯಲ್ಲೂ ಆ ಹೆಸರಿಲ್ಲ. ವೈಶಾಖದ ಕೊನೆಗೆ ನಡುಮನೆ ಬಂದು ಅದನ್ನು ಎತ್ತಿಕೊಂಡು ಹೋಗುತ್ತದೆ. ಮನೆಗೆ ಬಂದು ನೆರಳಿನಲ್ಲಿ ಕೂತರೆ ಎದೆ ಒಡೆದುಹೋಗುವ ಹಾಗೆ ಅಳು ಬಂತು. ಮೂರು ತಿಂಗಳಿತ್ತು ನನ್ನ ಕೈಯಲ್ಲಿ.

ನಾಚಿಕೆ ಬಿಟ್ಟು ಅತ್ತೆಯನ್ನೇ ಕೇಳಿದೆ. ಆ ಹೆಸರನ್ನು ಹಿಡಿದುಕೊಳ್ಳುವ ಹಾಗೆ ಒಂದು ಹುರಿ ಕಟ್ಟಿಕೊಡಿ, ಜೀವನವಿಡೀ ಇನ್ನೇನೂ ಕೇಳುವುದಿಲ್ಲ ಅಂದೆ. ಅತ್ತೆ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

"ಆಗಲ್ಲ ಅಂಬುಜಾ. ನಮ್ಮ ಬರಹದಲ್ಲಿ ಏನನ್ನಾದ್ರೂ ಹಿಡೀಬೇಕು ಅಂದ್ರೆ ಅದು ಇಂಥ ಬಗೆದು ಅಂತ ಮೊದಲು ಹೇಳ್ಬೇಕು. ಮರ ಇಲ್ದಿರೋ ನೆರಳು ಅನ್ನೋ ಬಗೆನೇ ನಮ್ಮಲ್ಲಿಲ್ಲ. ಆ ಬೀದಿ ಸಾಮಾನು ಆ ಬೀದಿ ಹುರೀಲೇ ನಿಲ್ಲೋದು."

ಊರಿನಲ್ಲಿ ಯಾರನ್ನು ಕೇಳಿದರೂ ಇದೇ ಮಾತು. ಹಗ್ಗಮನೆಯಲ್ಲಿ ಬೀದಿಗೊಂದು ಗೂಟದ ಸಾಲು. ಮೆಟ್ಟಿಲುಬೀದಿಯ ಸಾಲಿನಲ್ಲಿ ಅಲ್ಲಿ ಒಲೆ ಹಚ್ಚುವವರ ಹುರಿಗೆ ಮಾತ್ರ ಜಾಗ, ನಾನು ಆ ಬೀದಿ ಬಿಟ್ಟು ಹನ್ನೆರಡು ವರ್ಷವಾಗಿತ್ತು. ಹಳೇಬೀದಿಯ ಸಾಲಿಗೆ ಹಳೇಬೀದಿಯ ಬರಹದ ಓಲೆ ತೋರಿಸಬೇಕು. ಈ ಕಟ್ಟಳೆಗಳನ್ನು ಮಾಡಿದವರು ನಾವೇ, ನಡುಮನೆಯಲ್ಲ. ಆದರೆ ನೂರಾರು ವರ್ಷ ಹಾಗೇ ನಡೆದುಬಂದದ್ದರಿಂದ ಅದು ನಡುಮನೆಯ ಮಾತೇ ಎಂದು ಎಲ್ಲರೂ ತಿಳಿದುಬಿಟ್ಟಿದ್ದರು, ನಾನೂ ಸಹ.

ಅಮ್ಮನ ಪೆಟ್ಟಿಗೆಯಲ್ಲಿ ಆ ನೆರಳಿನ ಓಲೆ ಸಿಕ್ಕಿತು. ಮೂರೇ ಸಾಲು. ಮೆಟ್ಟಿಲುಬೀದಿಯ ಬರಹ ನನಗೆ ಮರೆತುಹೋದಂತಿತ್ತು, ಆದರೂ ಒಂದು ವಾರ ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಎದುರಿಗಿಟ್ಟುಕೊಂಡು ಕೂತರೆ ಒಂದೊಂದೇ ಮಾತು ಕೆಳಗಿಳಿದು ಬರತೊಡಗಿತು. ನಮ್ಮ ಹಿತ್ತಲ ಹೊಂಗೆಯ ನೆರಳು, ಮಧ್ಯಾಹ್ನದ್ದು. ಗಾಳಿ ಬಂದರೆ ಅಲ್ಲಾಡಲಿ. ಅವಳು ಕೂರುವ ಕಡೆಗೆ ಸ್ವಲ್ಪ ಹೆಚ್ಚು ಬಾಗಲಿ. ಇಷ್ಟೇ ಬರೆದಿದ್ದಳು. ಮೂರನೇ ಸಾಲು ಓದಿ ಓಲೆಯನ್ನು ಮಡಿಚಿಟ್ಟೆ. ಹನ್ನೆರಡು ವರ್ಷ ನಾನು ಎಲ್ಲಿ ಕೂತರೂ ಮುಖಕ್ಕೆ ಬಿಸಿಲು ತಾಕಿರಲಿಲ್ಲ. ಅದು ನನ್ನ ಅದೃಷ್ಟ ಅಂದುಕೊಂಡಿದ್ದೆ.

ಇದನ್ನೇ ಹಳೇಬೀದಿಯ ಬರಹಕ್ಕೆ ತಿರುಗಿಸಿಬಿಟ್ಟರೆ ಆಯಿತು ಎಂದು ನಾನು ಲೆಕ್ಕ ಹಾಕಿದೆ. ಓಲೆ ಹಳೇಬೀದಿಯದಾದರೆ ಗೂಟವೂ ಸಿಗುತ್ತದೆ. ಯಾರಿಗೂ ಹೇಳದೆ ಬರೆಯಲು ಕೂತೆ. ಅಮ್ಮನ ಮೂರು ಸಾಲು ಹನ್ನೊಂದು ಓಲೆಯಾಯಿತು. ಹೊಂಗೆ ಎಂದರೆ ಯಾವ ಬಗೆಯ ಮರ, ಮಧ್ಯಾಹ್ನ ಎಂದರೆ ಎಷ್ಟರಿಂದ ಎಷ್ಟು, ಗಾಳಿಗೂ ಎಲೆಗೂ ಏನು ಸಂಬಂಧ, ಎಲ್ಲ ಹೇಳಬೇಕು. ಅವಳು ಎಂದರೆ ಯಾರು ಎಂದು ಅಮ್ಮ ಬರೆದಿರಲಿಲ್ಲ. ಹಳೇಬೀದಿಯಲ್ಲಿ ಅದು ನಡೆಯುವುದಿಲ್ಲ, ನನ್ನ ಹೆಸರು, ಗಂಡನ ಹೆಸರು, ಮನೆಯ ಗುರುತು ಹಾಕಿದೆ. ಸ್ವಲ್ಪ ಹೆಚ್ಚು ಎನ್ನುವಲ್ಲಿ ಎರಡು ದಿನ ಸಿಕ್ಕಿಕೊಂಡು, ಕೊನೆಗೆ ನಾಲ್ಕು ಬೆರಳು ಎಂದು ಬರೆದೆ. ಆಮೇಲೆ ಗಂಟು. ಹಗಲೆಲ್ಲ ಮನೆಗೆಲಸ, ಸಂಜೆ ಗಂಟು, ಕಟ್ಟಿ ಬಿಚ್ಚಿ, ಕಟ್ಟಿ ಬಿಚ್ಚಿ ಬೆರಳ ತುದಿ ಸಿಪ್ಪೆಯೆದ್ದಿತು. ಅತ್ತೆ ನೋಡಿಯೂ ನೋಡದವರ ಹಾಗಿದ್ದರು. ಒಂದು ಸಂಜೆ ಮಾತ್ರ ಹೋಗುತ್ತಾ ನಿಂತು, ಆ ಎಳೆ ಸಡಿಲವಾಯಿತು ನೋಡು ಅಂದು ಮುಂದೆ ಹೋದರು.

ವೈಶಾಖ ಮುಗಿಯಲು ಹತ್ತು ದಿನವಿದ್ದಾಗ ನನ್ನ ಹುರಿಯನ್ನು ಗೂಟಕ್ಕೆ ಸಿಕ್ಕಿಸಿ ಬಂದೆ. ಮರುದಿನ ಮಧ್ಯಾಹ್ನ ಅಂಗಳಕ್ಕೆ ಹೋದರೆ ಎರಡು ನೆರಳು ಬಿದ್ದಿದ್ದವು.

ಒಂದು ಅಮ್ಮನದು, ಇನ್ನೊಂದು ನನ್ನದು, ಪಕ್ಕಪಕ್ಕ. ನನ್ನ ಮಂಕು ಬುದ್ಧಿಗೆ ಆಗ ಹೊಳೆಯಿತು. ಅಮ್ಮನ ಓಲೆ ನೆರಳನ್ನು ಮಾಡು ಎಂದು ಹೇಳುವ ಓಲೆ. ಅದನ್ನು ಯಾವ ಭಾಷೆಗೆ ತಿರುಗಿಸಿ ಕೊಟ್ಟರೂ ನಡುಮನೆ ಹೊಸದೊಂದನ್ನು ಮಾಡಿಕೊಡುತ್ತದೆ; ಇದ್ದದ್ದನ್ನು ಹಿಡಿದುಕೊಳ್ಳುವುದಿಲ್ಲ. ಮೂರು ತಿಂಗಳು ಕಷ್ಟಪಟ್ಟು ನಾನು ಅಮ್ಮನ ನೆರಳಿಗೆ ಒಂದು ಜೋಡಿ ಮಾಡಿದ್ದೆ, ಅಷ್ಟೆ. ಹೊಸ ನೆರಳಿಗೆ ಹೋಗಿ ಕೂತೆ. ಅದು ನನ್ನ ಕಡೆಗೆ ಬಾಗಿತು, ನಾಲ್ಕು ಬೆರಳು. ಎದ್ದು ಬೇರೆ ಕಡೆ ಕೂತೆ. ಮತ್ತೆ ನಾಲ್ಕು ಬೆರಳು. ಕಿವಿಯ ಮೇಲೆ ಬಿಸಿಲು ಹಾಗೇ ಇತ್ತು.

ಅತ್ತೆ ಬಾಗಿಲಿಗೆ ಬಂದು ನೋಡಿ, ಒಂದು ಸಾಲದು ಅಂತ ಇನ್ನೊಂದೇ ಎಂದು ಕೇಳಿದರು. ಅಂಗಳದಲ್ಲಿ ಅಂಗೈಯಗಲ ಬಿಸಿಲು ಉಳಿದಿರಲಿಲ್ಲ. ಹಾಕಿದ್ದ ಕೊನೆಯ ಹಪ್ಪಳವನ್ನೆಲ್ಲ ಎತ್ತಿ ಮೊರಕ್ಕೆ ತುಂಬಿದರು. ಆಗ ಗಮನಿಸಿದೆ, ಅವರ ಕೈ ನಡುಗುತ್ತಿತ್ತು. ಈ ವರ್ಷಕ್ಕೆ ಮುಗಿಯಿತು, ಇನ್ನು ಮುಂದೆ ತನ್ನ ಕೈಲಾಗುವುದಿಲ್ಲ, ಹಪ್ಪಳದ ಸಹವಾಸ ಸಾಕು ಅಂದರು. ಹಗ್ಗಮನೆಗೆ ಹೋದಾಗ ಹಪ್ಪಳದ ಚಾಪೆಯ ಹುರಿಯನ್ನು ಇಳಿಸಿಕೊಂಡು ಬಾ, ಆ ಗೂಟ ಯಾರಿಗಾದರೂ ಆದೀತು ಎಂದು ಹೇಳಿದರು. ಹೂಂ ಅಂದೆ. ಅಂದವಳಿಗೆ ಮರುಗಳಿಗೆಯೇ ಮರೆತುಹೋಯಿತು. ಮರುದಿನ ನೆನಪಿಸಿದರು, ಮತ್ತೆ ಹೂಂ ಅಂದೆ. ಆ ಒಂಬತ್ತು ದಿನ ನಾನು ಮಾಡಿದ ಕೆಲಸವೆಂದರೆ ಅಮ್ಮನ ನೆರಳಿನಲ್ಲಿ ಕೂತಿರುವುದು. ಅನ್ನ ಹೊತ್ತಿಸಿದೆ, ಹಾಲು ಉಕ್ಕಿಸಿದೆ.

ದೊಡ್ಡ ಗಳಿಗೆಯ ದಿನ ಊರಿನವರು ಮನೆಬಾಗಿಲು ತೆರೆದಿಟ್ಟು ಅನುಕೂಲವಾದ ಕಡೆ ಕೂತುಕೊಂಡಿರುತ್ತಾರೆ. ನಾನು ನೆರಳಿನ ನಡುವೆ ಅಂಗೈ ಊರಿ ಕೂತೆ. ಅತ್ತೆ ಹೊಸ್ತಿಲ ಮೇಲೆ ನಿಂತಿದ್ದರು. ಸದ್ದೆಲ್ಲ ಒಮ್ಮೆಗೇ ನಿಂತಿತು. ಹಾರುತ್ತಿದ್ದ ಕಾಗೆಯೊಂದು ಗೋಡೆಯ ಮೇಲೆ ಗಾಳಿಯಲ್ಲೇ ನಿಂತುಬಿಟ್ಟಿತು. ತೆರೆದ ಬಾಗಿಲಿನಿಂದ ಬೀದಿ ಕಾಣುತ್ತಿತ್ತು. ಎದುರುಮನೆಯ ಜಗಲಿಯ ಹಳೇ ತೊಟ್ಟಿಲು ಮೆಲ್ಲಗೆ ಮಾಸಿ ಇಲ್ಲವಾಯಿತು. ಆ ಮನೆಯ ಮಕ್ಕಳೆಲ್ಲ ಮೀಸೆ ಬಂದವರು, ಯಾರಿಗೆ ಬೇಕು ತೊಟ್ಟಿಲು. ತಿರುವಿನಲ್ಲಿ ಯಾರೂ ಹಚ್ಚದ ದೀಪದ ಕಂಬ ಹೋಯಿತು. ಒಂದು ಸಣ್ಣ ಮೆಟ್ಟಿಲು, ಒಂದು ಗಿಳಿಯ ಗೂಡು. ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಅರವತ್ತರ ಹತ್ತಿರ ಅದು ನಮ್ಮ ಅಂಗಳಕ್ಕೆ ಬಂತು. ಕಣ್ಣಿಗೆ ಏನೂ ಕಾಣುವುದಿಲ್ಲ, ಯಾರೋ ಬಂದು ಪಕ್ಕದಲ್ಲಿ ನಿಂತರೆ ಗೊತ್ತಾಗುತ್ತದಲ್ಲ, ಹಾಗೆ. ನೆರಳಿನ ಅಂಚು ಒಮ್ಮೆ ತೆಳ್ಳಗಾಯಿತು. ಅಮ್ಮಾ ಎಂದು ಕೂಗಬೇಕೆಂದರೆ ಬಾಯಿ ಬರಲಿಲ್ಲ. ಎಪ್ಪತ್ತು, ಎಪ್ಪತ್ತೊಂದು, ಎಪ್ಪತ್ತೆರಡು. ಆಮೇಲೆ ಎಣಿಕೆ ತಪ್ಪಿತು. ಕಾಗೆ ಕಾ ಎಂದು ಹಾರಿಹೋಯಿತು, ಗಾಳಿ ಬೀಸಿತು, ನನ್ನ ಕೈಯ ಮೇಲೆ ಹೊಂಗೆಯ ಎಲೆಗಳು ಅಲ್ಲಾಡಿದವು.

ಮೊದಲು ನನಗೆ ಅನುಮಾನ, ಉಳಿದದ್ದು ನಾನು ಮಾಡಿದ್ದೇ ಇರಬೇಕೆಂದು. ನೋಡಿದರೆ ಎರಡೂ ಇದ್ದವು. ಬಾಗಿಲ ಮೇಲಿನ ಹೆಸರಿನ ಹುರಿಯನ್ನು ಕಿತ್ತುಕೊಂಡು, ಚಪ್ಪಲಿ ಕೂಡ ಮೆಟ್ಟದೆ ಹಗ್ಗಮನೆಗೆ ಓಡಿದೆ. ಚೆಲುವರಾಯರು ಆ ಐದು ಗಂಟನ್ನು ಬೆರಳಿಗೆ ಹತ್ತಿಸಿಕೊಂಡು ಗೂಟದ ಸಾಲು ಹಿಡಿದರು. ಮೆಟ್ಟಿಲುಬೀದಿಯ ಸಾಲಿನಲ್ಲಿ ಒಂದೊಂದೇ ಹುರಿ ಸವರಿದರು. ಇರಲಿಲ್ಲ. ಹೊಸಬೀದಿ, ಬಳೆಬೀದಿ, ಅಲ್ಲೂ ಇರಲಿಲ್ಲ. ಹಳೇಬೀದಿಯಲ್ಲಿ ನೋಡುವುದು ದಂಡವೆಂದು ನಾನೇ ಅಂದೆ. ಅವರು ಕೇಳಿಸಿಕೊಳ್ಳದೆ ಬಗ್ಗಿ, ಎಲ್ಲಕ್ಕಿಂತ ಕೆಳಗಿನ ಗೂಟಕ್ಕೆ ಬಂದು ಅಲ್ಲೇ ನಿಂತರು.

"ಇಲ್ಲಿದೆ ತಾಯಿ. ಇದೇ ಐದು ಗಂಟು. ಒಂದು ಕಡೆ ಅಲ್ಲ, ಏಳು ಕಡೆ ಇದೆ."

ಯಾರ ಹುರಿ ಎಂದು ಕೇಳುವ ಮೊದಲೇ ನನಗೆ ಅದರ ವಾಸನೆ ಬಂತು. ಒಲೆಯ ಹೊಗೆ, ಅಕ್ಕಿಹಿಟ್ಟು. ಅತ್ತೆಯ ಹಪ್ಪಳದ ಚಾಪೆಯ ಹುರಿ. ನಾನು ಒಂಬತ್ತು ದಿನದ ಹಿಂದೆಯೇ ಇಳಿಸಿಕೊಂಡು ಬರಬೇಕಾಗಿದ್ದದ್ದು. ಅಲ್ಲೇ ನೆಲದ ಮೇಲೆ ಕೂತೆ. ಚೆಲುವರಾಯರು ಇನ್ನೂ ಆ ಹುರಿಯನ್ನು ಸವರುತ್ತಿದ್ದರು. ಇದಕ್ಕೆ ಓಲೆಯೇ ಕೊಟ್ಟಿಲ್ಲ ನಿಮ್ಮತ್ತೆ, ಬೆರಳಲ್ಲೇ ಕಟ್ಟಿದ್ದು, ನಾನೂ ರುದ್ರಾಣಮ್ಮನದಲ್ಲವೇ ಎಂದು ಓಲೆ ಕೇಳದೆ ಸಿಕ್ಕಿಸಿಕೊಂಡಿದ್ದೆ ಅಂದರು. ಓಲೆ ಬರೆದಿದ್ದರೆ ಇದು ಆಗುವುದಿಲ್ಲವೆಂದು ಅವರೇ ಕೈಬಿಡುತ್ತಿದ್ದರೇನೋ ಎಂದು ಸ್ವಲ್ಪ ಹೊತ್ತಿನ ಮೇಲೆ ತಮ್ಮಷ್ಟಕ್ಕೆ ಹೇಳಿಕೊಂಡರು.

ಮನೆಗೆ ಬಂದಾಗ ಅತ್ತೆ ಜಗಲಿಯ ಮೇಲೆ ಕೂತಿದ್ದರು. ನಾನು ಎಲ್ಲವನ್ನೂ ಹೇಳಿದೆ. ಅವರು ನಂಬಲಿಲ್ಲ. ಹೆಸರಿನ ಹುರಿಯನ್ನು ಇಸಿದುಕೊಂಡು ಬೆರಳಲ್ಲಿ ಸವರಿದರು, ಬೆರಳು ತಾನೇ ನೆನಪು ಮಾಡಿಕೊಂಡಿರಬೇಕು, ಮುಖ ಬದಲಾಯಿತು. ನೀನು ಬಂದ ವರ್ಷ ಕಟ್ಟಿದ್ದು ಅಂದರು. ಚಾಪೆ ಸರಿಯಬೇಕಾದರೆ ಪ್ರತಿ ಸಲವೂ ಯಾವುದರಿಂದ ಸರಿಯಬೇಕು ಎಂದು ನಡುಮನೆಗೆ ಹೇಳಬೇಕಲ್ಲ. ಬಾಗಿಲ ಮೇಲಿದ್ದ ಗಂಟನ್ನು ನೋಡಿ ಹಾಗೆಯೇ ಕಟ್ಟಿದ್ದರಂತೆ, ಯಾವ ಬೀದಿಯದೆಂಬ ಯೋಚನೆಯೇ ಬರಲಿಲ್ಲವಂತೆ.

"ಅದನ್ನ ನಾನು ಹಿಡ್ಕೊಂಡಿದೀನಿ ಅಂತ ಯಾವತ್ತೂ ಅನ್ಕೊಂಡಿಲ್ಲ ಕಣೇ. ಬೇಡ ಅಂತಾನೇ ಕಟ್ಟಿದ್ದು."

ಒಂದು ಸಣ್ಣ ಗಳಿಗೆ ಬಂದು ಹೋಯಿತು. ಆಮೇಲೆ ನಾನು ಹನ್ನೆರಡು ವರ್ಷ ಬಾಯಲ್ಲಿಟ್ಟುಕೊಂಡಿದ್ದ ಮಾತನ್ನು ಕೇಳಿಯೇಬಿಟ್ಟೆ. ನಿಮ್ಮಂಥ ಗಂಟುಗಾತಿ ಮನಸ್ಸು ಮಾಡಿದ್ದರೆ ನೆರಳನ್ನೇ ಆಚೆ ಸರಿಸಬಹುದಿತ್ತಲ್ಲ ಅತ್ತೆ, ಹೆಸರು ಕೈಯಲ್ಲೇ ಇತ್ತಲ್ಲ, ಅಷ್ಟು ಬಯ್ದುಕೊಂಡು ಚಾಪೆಯನ್ನು ಯಾಕೆ ಸರಿಸುತ್ತಿದ್ದಿರಿ ಎಂದೆ. ಅತ್ತೆ ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದರು.

"ಅದು ನಿಮ್ಮಮ್ಮ ಹಾಕಿದ್ದು. ಸರಿಸೋದಾದ್ರೆ ನಾನು ನಂದನ್ನ ಸರಿಸ್ಕೋಬೇಕು."

ಅವರ ನಡುಗುವ ಕೈಯನ್ನು ಹಿಡಿದುಕೊಂಡೆ. ಹನ್ನೆರಡು ವರ್ಷದಲ್ಲಿ ಮೊದಲನೇ ಸಲ. ಅವರು ಬಿಡಿಸಿಕೊಳ್ಳಲಿಲ್ಲ, ಇನ್ನೊಂದು ಕೈಯಲ್ಲಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿ ಬಿಚ್ಚಿ ಮಾಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ, ಹಾಗಾದರೆ ತಾನು ಹಪ್ಪಳ ಬಿಟ್ಟರೆ ಏನಾಗುತ್ತದೆ ಎಂದು ಕೇಳಿದರು. ಹುರಿಗೆ ಕೆಲಸವಿಲ್ಲದೆ ಹೋದರೆ ಚೆಲುವರಾಯರು ಇಳಿಸುತ್ತಾರೆ, ಮುಂದಿನ ದೊಡ್ಡ ಗಳಿಗೆಗೆ ನೆರಳು ಹೋಗುತ್ತದೆ ಅಂದೆ. ಅತ್ತೆ ಎದ್ದು ಅಂಗಳದ ಬಿಸಿಲನ್ನು, ಆಕಾಶವನ್ನು, ಮಳೆಗೆ ಎಷ್ಟು ದಿನವಿದೆ ಎಂದು ಅಳೆಯುವವರಂತೆ ನೋಡಿದರು.

"ಅಕ್ಕಿ ನೆನೆಹಾಕು. ನಾನು ಹೇಳ್ತೀನಿ, ನೀನು ಒತ್ತು."

ಎರಡು ಸೇರು ನೆನೆಹಾಕಿದೆ. ನಾನು ಮಾಡಿದ್ದ ಜೋಡಿ ನೆರಳಿನ ಹುರಿಯನ್ನು ಅವತ್ತೇ ಇಳಿಸಿದೆ. ಹೊಸದಲ್ಲವೇ, ಮರುದಿನದ ಸಣ್ಣ ಗಳಿಗೆಯಲ್ಲೇ ಅದು ಸದ್ದಿಲ್ಲದೆ ಹೋಯಿತು. ಮೂರು ದಿನ ನೆನೆದ ಅಕ್ಕಿಯನ್ನು ರುಬ್ಬಿ, ಬೇಯಿಸಿ, ನಾಲ್ಕನೇ ದಿನ ಒತ್ತಿದೆ. ನನ್ನ ಹಪ್ಪಳ ಒಂದೂ ದುಂಡಗೆ ಬರಲಿಲ್ಲ. ಅತ್ತೆ ಪ್ರತಿಯೊಂದಕ್ಕೂ ಒಂದೊಂದು ಮಾತು ಅಂದರು. ಚಾಪೆ ಹಾಸಿ, ಹಪ್ಪಳ ಹರವಿ, ಕೊಡೆ ಹಿಡಿಯದೆ ಚಾಪೆಯ ಪಕ್ಕದಲ್ಲೇ ಕೂತುಕೊಂಡರು. ಮಧ್ಯಾಹ್ನ ನೆರಳು ಬೆಳೆಯುತ್ತಾ ಬಂತು. ಚಾಪೆ ಒಂದು ಗೇಣು ಹಿಂದೆ ಸರಿಯಿತು. ಅತ್ತೆ ಕೂತಲ್ಲೇ ಕೂತಿದ್ದರು. ನೆರಳು ಅವರ ಪಾದ ಮುಟ್ಟಿ, ಮೊಣಕಾಲಿಗೆ ಬಂದು, ಅಲ್ಲಿ ಸ್ವಲ್ಪ ನಿಂತಿತು. ಆಮೇಲೆ ಅವರ ಮುಖದ ಮೇಲಿದ್ದ ಬಿಸಿಲು ಪೂರ್ತಿ ಮುಚ್ಚುವ ಹಾಗೆ ಅವರ ಕಡೆಗೆ ಬಾಗಿತು.